ಬೀಜಕ್ಕೆ ಹಾಕಿದ ಹರಳು

ಕೃಷ್ಣರಾಜಪೇಟೆ,
17 ಜೂನ್ 2025

ರಂಜಿ,

ಚೆನ್ನಾಗಿದ್ದೀಯಾ ಎಂದು ಕೇಳಲು ನನಗೆ ಮುಖವಿಲ್ಲ. ಬಕ್ರೀದಿಗೆ ನಿನ್ನನ್ನು ಕರೆಯಲಿಲ್ಲ, "ರಂಜಿತ ಯಾಕಮ್ಮಾ ಬರ್ನಿಲ್ಲ?" ಎಂದು ಅಮ್ಮಿ ಮೂರು ಸಲ ಕೇಳಿದಳು. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಾನು ಅರ್ಧ ಹೇಳುವಷ್ಟರಲ್ಲಿ ನೀನು "ಓಗ್ಲಿ ಬುಡೆ" ಅನ್ನುತ್ತೀಯ, ನಾನೂ ಬಿಟ್ಟುಬಿಡುತ್ತೇನೆ. ಸೋಮವಾರ ನೀನು ಥೀಸಿಸ್ ಒಪ್ಪಿಸುತ್ತೀಯ. ಅದರ ನಾಲ್ಕನೇ ಅಧ್ಯಾಯ ತಪ್ಪು ಕಣೆ. ತಪ್ಪು ಮಾಡಿದವಳು ನಾನು.

ಹೋದ ನವೆಂಬರ್ ನೆನಪಿದೆಯಲ್ಲ? ಊತಕ್ಕೆ ಕಟ್ಟುವ ಲಕ್ಕಿ ಸೊಪ್ಪಿನಲ್ಲಿರುವ ಅಣುವನ್ನು ನಾನು ಲ್ಯಾಬಿನಲ್ಲಿ ಕಟ್ಟಿದ್ದೆ. ಅದರ ಒಂದು ತುದಿ ಬದಲಿಸಿ ಹೊಸ ಅಣು ಮಾಡುವುದು ನಿನ್ನ ಪಾಲು. ಮಾಡಿದೆ ಕೂಡ. ಆದರೆ ಅದು ಹರಳಾಗಲೊಲ್ಲದು. ಮೂರು ವಾರ ಫ್ಲಾಸ್ಕಿನ ತಳದಲ್ಲಿ ಕಾಕಂಬಿಯ ಹಾಗೆ ಕೂತಿತ್ತು. "ನನ್ ಕೈಗುಣವೇ ಇಂಗೆ, ಮುಟ್ಟಿದ್ದೆಲ್ಲ ಆಳಾಯ್ತದೆ" ಎಂದು ಅತ್ತು ನೀನು ಊರಿಗೆ, ಅರಕೆರೆಗೆ ಹೋದೆ.

ಆ ಶನಿವಾರ ನನ್ನ ಅಣುವಿನ ಒಂದು ಹರಳನ್ನು ನಿನ್ನ ಫ್ಲಾಸ್ಕಿಗೆ ಹಾಕಿದೆ. ಉಳಿದದ್ದೂ ಹರಳುಗಟ್ಟಲಿ ಅಂತ ಬೀಜಕ್ಕೆಂದು ಒಂದು ಹರಳು ಹಾಕುವುದು ಲ್ಯಾಬಿನಲ್ಲಿ ಎಲ್ಲರೂ ಮಾಡುವುದೇ. ಆದರೆ ಅದೇ ವಸ್ತುವಿನ ಹರಳಾಗಿರಬೇಕು. ನನ್ನ ಬುದ್ಧಿ ಎಲ್ಲಿ ಮಣ್ಣು ತಿನ್ನಲು ಹೋಗಿತ್ತೋ! ಸೋಮವಾರ ಫ್ಲಾಸ್ಕಿನ ತುಂಬ ಹಳದಿ ಸೂಜಿಗಳು. ನೀನು ಕುಣಿದಾಡಿದೆ. ನಿನ್ನ ಕೈಯಲ್ಲೇ ಆಯಿತೆಂದು ನಂಬಲಿ ಅಂತ ನಾನು ಬಾಯಿ ಬಿಡಲಿಲ್ಲ.

ಹರಳಾದದ್ದು ನಿನ್ನ ಅಣುವಲ್ಲ ರಂಜಿ. ಬದಲಾಗದೆ ಫ್ಲಾಸ್ಕಿನಲ್ಲಿ ಉಳಿದಿದ್ದ ನನ್ನ ಹಳೆಯದು. ನಿನ್ನದನ್ನು ದ್ರವದ ಜೊತೆ ನಾವೇ ಸೋಸಿ ಚೆಲ್ಲಿದೆವು. ರಚನೆ ನೋಡಲು ಕಳಿಸಿದ್ದು ಹರಳಾಗುವ ಮೊದಲಿನ ಅಂಟು, ಅದರಲ್ಲಿ ನಿನ್ನ ಅಣುವೇ ಕಂಡಿತು; ಊತ ಇಳಿಸುವ ಪರೀಕ್ಷೆಗೆ ಕಳಿಸಿದ್ದು ಈ ಹರಳು. ಹೊಸದೂ ಹಳೆಯದರಷ್ಟೇ ಕೆಲಸ ಮಾಡುತ್ತದೆಂದು ನಮ್ಮ ಗೈಡ್ ಶಿವಲಿಂಗಯ್ಯ ಸರ್ ಮೈಸೂರು ಪಾಕ್ ಹಂಚಿದರು. ಹಳೆಯದು ಹಳೆಯದರಷ್ಟು ಕೆಲಸ ಮಾಡಿತ್ತು, ಅಷ್ಟೇ.

ಮೊನ್ನೆ ನನ್ನ ಹರಳಿನ ಬಾಟಲಿ, ನಿನ್ನದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಒಂದೇ ಬಣ್ಣ, ಒಂದೇ ಸೂಜಿ. ಎರಡನ್ನೂ ಬೆರೆಸಿ ಕರಗಿಸಿದೆ. ಬೇರೆ ಬೇರೆ ವಸ್ತುವಾಗಿದ್ದರೆ ಕಡಿಮೆ ಶಾಖಕ್ಕೇ ಕರಗಬೇಕಿತ್ತು. ಒಂದು ಡಿಗ್ರಿಯೂ ಇಳಿಯಲಿಲ್ಲ.

ಥೀಸಿಸ್ ಒಪ್ಪಿಸಬೇಡ. ಮತ್ತೆ ಮಾಡಲು ಐದಾರು ತಿಂಗಳು ಬೇಕು. ಓದು ಮುಗಿಸಲು ನಿಮ್ಮಮ್ಮ ಚಿಕ್ಕಬೋರಮ್ಮ ಕೊಟ್ಟ ಗಡುವು ಈ ತಿಂಗಳಿಗೇ ಮುಗಿಯುತ್ತದೆಂದು ಗೊತ್ತು. ಅರಕೆರೆಗೆ ಬಂದು ಅವರ ಕಾಲು ಹಿಡಿಯುತ್ತೇನೆ. ಸರ್ ಮುಂದೆಯೂ ನಾನೇ ನಿಂತು ಹೇಳುತ್ತೇನೆ. ನನಗೆ ಬಯ್ಯಿ, ಎರಡು ಏಟು ಹಾಕು. ಮಾತು ಮಾತ್ರ ಬಿಡಬೇಡ.

ನಿನ್ನ ತಪ್ಪಿತಸ್ಥೆ,
ಮಹ್ವಿಶ್

ತಾ.ಕ.: 'ಮೊನ್ನೆ' ಎಂದು ಬರೆದದ್ದು ಸುಳ್ಳು. ಕರಗಿಸಿ ನೋಡಿದ್ದು ರಂಜಾನ್ ತಿಂಗಳಲ್ಲಿ. ಆಮೇಲೆ ನಾಗಮಂಗಲದ ಕಾಲೇಜಿನಲ್ಲಿ ನನ್ನ ಸಂದರ್ಶನವಿತ್ತು. ಅವರು ಈ ಹೊಸ ಅಣುವಿನ ಬಗ್ಗೆಯೇ ಕೇಳಿದರು, ಅದು ಚೆನ್ನಾಗಿ ಕೆಲಸ ಮಾಡುತ್ತದೆಂದು ನಾನು ಹೆಮ್ಮೆಯಿಂದ ಹೇಳಿದೆ. ಕೆಲಸದ ಆದೇಶ ನಿನ್ನೆ ಕೈಗೆ ಬಂತು. ನಿನಗೆ ಇವತ್ತು ಬರೆಯುತ್ತಿದ್ದೇನೆ.