ತಾಳೆಯಾಗದ ಹನ್ನೊಂದು ಸಹಿ

ಜೂನ್ 3, ಸೋಮವಾರ, ಬೆಳಗ್ಗೆ 6.30

ನನ್ನ ಎಡಗೈಯನ್ನು ಬೆಂಚಿಗೆ ಕಟ್ಟಿದ್ದು ನಲವತ್ತಾರು ವರ್ಷಗಳ ಹಿಂದೆ, ಎರಡನೇ ಕ್ಲಾಸಿನಲ್ಲಿ, ಜುಲೈ ತಿಂಗಳ ಒಂದು ಸೋಮವಾರ, ಹಾಜರಿ ಕೂಗಿದ ಮೇಲೆ. ನೀಲಿ ರಿಬ್ಬನ್. ಎರಡು ಗಂಟು. ಕಟ್ಟಿದವರು ಕ್ಲಾಸ್ ಟೀಚರು, ನಾನು ಬಲಗೈಯಲ್ಲೇ ಬರೆಯಲೆಂದು. ಆ ವರ್ಷ ಪೂರ್ತಿ, ದಿನವೂ. ಹೊಡೆಯಲಿಲ್ಲ, ಬೈಯಲಿಲ್ಲ. "ನಿನ್ನ ಒಳ್ಳೇದಕ್ಕೇ ಪುಟ್ಟಿ" ಎನ್ನುತ್ತಿದ್ದರು. ಇದೇ ಮಾತನ್ನು ಆಮೇಲೆ ಇತಿಹಾಸದ ಪುಸ್ತಕಗಳಲ್ಲಿ ಎಷ್ಟು ಸಲ ಓದಿದೆನೋ...

ಈಗ ಇದೆಲ್ಲ ನೆನಪಾಗಲು ಕಾರಣ ಬಲಗೈಯ ಪ್ಲಾಸ್ಟರ್. ಮೆಟ್ಟಿಲಲ್ಲಿ ಜಾರಿ ಮೂರು ವಾರವಾಯಿತು. ರಜೆ. ಬೇಸರಕ್ಕೆ ಪೆನ್ನನ್ನು ಎಡಗೈಗೆ ಕೊಟ್ಟೆ. ಮೊದಲ ದಿನ ಕಾಗೆ ಕಾಲು, ಗುಬ್ಬಿ ಕಾಲು. ನಾಲ್ಕನೇ ದಿನ ಕೈ ತಾನೇ ಮುಂದೆ ಹೋಯಿತು. ಅಂಗೈ ಅಂಚಿಗೆಲ್ಲ ಶಾಯಿ. ತೊಳೆಯಲು ಮನಸ್ಸಾಗಲಿಲ್ಲ.

ಜೂನ್ 8, ಶನಿವಾರ

ಪ್ಲಾಸ್ಟರ್ ತೆಗೆದರು. ಡಾಕ್ಟರು ಬೆರಳು ಮಡಿಸಿ ನೋಡಿ, "ಇನ್ನು ಬಲಗೈಲೇ ಆರಾಮಾಗಿ ಬರೀಬಹುದು ನೀವು" ಎಂದರು.

ಬರೆಯಬಹುದು, ನಿಜ. ಬರೆಯಲಿಲ್ಲ.

ಜೂನ್ 10, ಸೋಮವಾರ

ಆಫೀಸಿಗೆ ಹೋದೆ. ಜನನ ನೋಂದಣಿ ವಿಭಾಗ, ಮೂವತ್ತು ವರ್ಷದಿಂದ ಅದೇ ಕಿಟಕಿ, ಅದೇ ಕುರ್ಚಿ. ಹಾಜರಿ ಪುಸ್ತಕದಲ್ಲಿ ಎಡಗೈಯಲ್ಲಿ ಸಹಿ ಹಾಕಿದೆ. ಟೈಪಿಸ್ಟ್ ಹುಡುಗಿ ಬಗ್ಗಿ ನೋಡಿದಳು.

"ಏನಕ್ಕಾ, ನಿಮ್ಮ ಸಹಿಗೂ ಬಿದ್ದು ಪೆಟ್ಟಾಯ್ತಾ?"

ನಕ್ಕೆ. ಅವಳೂ ನಕ್ಕಳು. ಇಷ್ಟಕ್ಕೇ ಮುಗಿಯಿತು ಅಂದುಕೊಂಡೆ.

ಜೂನ್ 21, ಶುಕ್ರವಾರ, ಸಂಜೆ

ಮುಗಿದಿಲ್ಲ. ಹನ್ನೊಂದು ದಿನದ ಹನ್ನೊಂದು ಸಹಿಗೂ ಕೆಂಪು ಶಾಯಿಯ ಸುತ್ತು. ಪಕ್ಕದಲ್ಲಿ ಸೂಪರಿಂಟೆಂಡೆಂಟರ ಷರಾ: ಸಹಿ ತಾಳೆಯಾಗುವುದಿಲ್ಲ. ಸೇವಾ ಪುಸ್ತಕದಲ್ಲಿರುವ ನನ್ನ ಹಳೆಯ ಸಹಿಯ ಜೊತೆ ಹೋಲಿಸಿದ್ದಾರಂತೆ. ಅಂದರೆ ಹನ್ನೊಂದು ದಿನ ನಾನು ಗೈರುಹಾಜರು. ನನ್ನ ಪರವಾಗಿ ಯಾರೋ ಸಹಿ ಹಾಕಿದ್ದಾರೆ.

ಎದುರು ನಿಂತು ದಿನಕ್ಕೆರಡು ಸಲ ಅವರ ಕೈಗೇ ಫೈಲು ಕೊಟ್ಟಿದ್ದೇನೆ.

ಜೂನ್ 24, ಸೋಮವಾರ

ಸೂಪರಿಂಟೆಂಡೆಂಟರ ಕೋಣೆ. ಬಾಗಿಲು ಹಾಕಿಕೊಳ್ಳಲು ಹೇಳಿದರು.

"ಮೇಡಮ್, ನಾನೇನು ಕುರುಡನಾ? ನೀವು ಬಂದಿದ್ದೀರಿ, ನೋಡಿದೀನಿ. ಆದ್ರೆ ಕಡತ ಮುಖ ನೋಡಲ್ಲ. ಸಹಿ ನೋಡುತ್ತೆ."

"ಇಲ್ಲೇ ಹಾಕ್ತೀನಿ. ನಿಮ್ಮೆದುರಿಗೆ. ನೋಡಿ."

ಹಾಕಿದೆ. ನಾನು ಬರೆದು ಮುಗಿಸುವವರೆಗೂ ಅವರು ಕಿಟಕಿಯಾಚೆ ನೋಡುತ್ತಿದ್ದರು.

ಆಮೇಲೆ ವಿಷಯಕ್ಕೆ ಬಂದರು. ತಿಂಗಳ ಕೊನೆಗೆ ದೊಡ್ಡ ಸಾಹೇಬರ ನಿವೃತ್ತಿ. ಬಿನ್ನವತ್ತಳೆ ಬರೆಯಬೇಕು. ಮುತ್ತು ಪೋಣಿಸಿದಂಥ ಅಕ್ಷರ ಈ ಕಚೇರಿಯಲ್ಲಿ ನನ್ನೊಬ್ಬಳದೇ. "ಶುಕ್ರವಾರದೊಳಗೆ ಬಲಗೈಲಿ ಬರೆದುಕೊಡಿ. ಹಾಜರಿ ಪುಸ್ತಕದಲ್ಲೂ ಮೊದಲಿನ ಹಾಗೇ ಸಹಿ ಹಾಕಿಬಿಡಿ. ಹನ್ನೊಂದು ದಿನದ್ದು ನಾನು ನೋಡ್ಕೋತೀನಿ. ಬಡ್ತಿ ಪಟ್ಟಿ ಬೇರೆ ಬರ್ತಾ ಇದೆ... ಈ ವಯಸ್ಸಲ್ಲಿ ಯಾಕೆ ಬೇಕು ಹಟ?"

ಹಟವಂತೆ. ಸೇವಾ ನಿಯಮಾವಳಿಯನ್ನು ಮೂರು ಸಲ ಓದಿದ್ದೇನೆ, ಅಡಿಟಿಪ್ಪಣಿ ಸಮೇತ. ಸಹಿ ಯಾವ ಕೈಯಲ್ಲಿರಬೇಕೆಂದು ಎಲ್ಲೂ ಇಲ್ಲ.

ಜೂನ್ 25, ಬೆಳಗ್ಗೆ 5.45

ಸುಳ್ಳು ಹೇಳಬಾರದು. ಬಿನ್ನವತ್ತಳೆ ಬರೆಯಲು ಕೂತೆ. ಇನ್ನೂ ಏಳು ವರ್ಷ ಸರ್ವೀಸ್ ಇದೆ. ಹೆದರಿಕೆಯಾಯಿತು.

ಬಲಗೈಯಲ್ಲಿ ಎರಡು ಸಾಲು ಬರೆದೆ. ನೋವಿಲ್ಲ. ಅಕ್ಷರ ಎಂದಿನಂತೆ ಚೆಂದ. ದೂರ ಹಿಡಿದು ನೋಡಿದೆ. ಆಗ ಹೊಳೆಯಿತು — ಆ ವಾಲಿಕೆ, ತಲೆಕಟ್ಟಿನ ಆ ಚಿಕ್ಕ ಕೊಕ್ಕೆ, ಕೊಂಬು ಇಳಿಸಿ ಒಳಗೆ ಸುತ್ತುವ ರೀತಿ. ಕರಿಹಲಗೆಯ ಮೇಲೆ ನೋಡಿದ್ದು. ಇದು ಟೀಚರ ಅಕ್ಷರ. ಒಂದು ಕೂದಲೆಳೆಯ ವ್ಯತ್ಯಾಸವಿಲ್ಲ. ಈ ಊರಿನಲ್ಲಿ ಮೂವತ್ತು ವರ್ಷದಿಂದ ಹುಟ್ಟಿದ ಮಕ್ಕಳ ಹೆಸರೆಲ್ಲ ಆ ಅಕ್ಷರದಲ್ಲೇ ಇವೆ. ಜನ ಹೊಗಳಿದಾಗಲೆಲ್ಲ ನಾನು ಹಿಗ್ಗಿದ್ದೇನೆ.

ಹಾಳೆ ಹರಿಯಲಿಲ್ಲ. ಮಡಿಸಿ ಇಟ್ಟೆ. ಸಾಕ್ಷಿ.

ಜೂನ್ 26, ಸಂಜೆ

ಅಮ್ಮ ಬಟಾಣಿ ಸುಲಿಯುತ್ತಿದ್ದಳು. ನಾನು ಡೈರಿ ಬರೆಯುವುದನ್ನು ಕಣ್ಣಂಚಿನಲ್ಲಿ ನೋಡುತ್ತಿದ್ದಳು.

"ಮತ್ತೆ ಆ ಕೈ ಶುರುವಾಯ್ತೇನೇ ನಿಂದು?"

"ಆ ನೀಲಿ ರಿಬ್ಬನ್ ಎಲ್ಲಿಂದ ಬಂತಮ್ಮಾ?"

ಸಿಪ್ಪೆ ಸುಲಿಯುವುದು ನಿಂತಿತು.

"ಟೀಚರು ಹುರಿ ತರ್ತೀನಿ ಅಂದ್ರು. ಹುರಿ ಕೈಗೆ ಕೊರೆಯುತ್ತೆ ಅಂತ... ನಾನೇ ಕೊಟ್ಟೆ. ನನ್ನ ಜಡೆದು." ಒಂದು ಕಾಯಿ ಕೈಗೆತ್ತಿಕೊಂಡು, "ನಾಲ್ಕು ಜನರ ಮಧ್ಯೆ ಬಾಳಬೇಕಾದವಳು ನೀನು. ಆಡ್ಕೋತಾರೆ ಅಂತ ಭಯ ಕಣೇ."

ನಲವತ್ತಾರು ವರ್ಷದ ಸಿಟ್ಟು ಸಿದ್ಧವಾಗಿತ್ತು. ಹುರಿಯ ಮಾತು ಕೇಳಿದ ಮೇಲೆ ಅದನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಪಕ್ಕದಲ್ಲಿ ಕೂತು ಬಟಾಣಿ ಸುಲಿದೆ, ಎಡಗೈಯಲ್ಲಿ. ಅಮ್ಮ ನೋಡಿದಳು. ಬುಟ್ಟಿಯನ್ನು ನನ್ನ ಎಡಕ್ಕೆ ಸರಿಸಿದಳು.

ಜೂನ್ 28, ಶುಕ್ರವಾರ

ಬಿನ್ನವತ್ತಳೆ ತೆಗೆದುಕೊಂಡು ಹೋದೆ. ಎಡಗೈಯಲ್ಲಿ ಬರೆದದ್ದು. ಅಕ್ಷರ ದಪ್ಪ, ಸಾಲು ಕೊಂಚ ಏರು, ಆದರೆ ಓದಲು ಸಲೀಸು. ಸೂಪರಿಂಟೆಂಡೆಂಟರು ಎರಡು ಬೆರಳಲ್ಲಿ ಹಿಡಿದರು, ಒದ್ದೆ ಬಟ್ಟೆ ಹಿಡಿದ ಹಾಗೆ.

"ಇದನ್ನ ಸಾಹೇಬರ ಕೈಗೆ ಕೊಡೋದಾ?"

"ಬರೆದವಳು ನಾನೇ ಸರ್."

"ಹಂಗಾದ್ರೆ ನನ್ನ ಕೈಯಲ್ಲೇನೂ ಇಲ್ಲ ಮೇಡಮ್."

ಮಧ್ಯಾಹ್ನ ಮೂರಕ್ಕೆ ಫಲಕದ ಮೇಲೆ ನೋಟಿಸು ಬಂತು. ಅರ್ಜಿಗೆ ಬಂದ ಜನರೆಲ್ಲ ಓದುವಂತೆ, ನನ್ನ ಕಿಟಕಿಯ ಪಕ್ಕದಲ್ಲೇ. ಹನ್ನೊಂದು ದಿನ ಇನ್ನೊಬ್ಬರಿಂದ ಸಹಿ ಹಾಕಿಸಿ ಕಚೇರಿಯನ್ನು ವಂಚಿಸಿರುತ್ತಾರೆ. ಸೋಮವಾರದೊಳಗೆ ಲಿಖಿತ ಸಮಜಾಯಿಷಿ ಕೊಡತಕ್ಕದ್ದು. ಟೈಪ್ ಮಾಡಿದ ಹುಡುಗಿ ಸಂಜೆ ನನ್ನ ಮುಖ ನೋಡಲಿಲ್ಲ. ಬಾಗಿಲ ಹತ್ತಿರ ಮೆಲ್ಲಗೆ, "ಅಕ್ಕಾ, ಒಂದೇ ಒಂದು ಸಲ ಬಲಗೈಲಿ ಹಾಕಿಬಿಡಿ. ಯಾರಿಗೇನು ಗೊತ್ತಾಗುತ್ತೆ?"

ನನಗೆ.

ಜುಲೈ 1, ಸೋಮವಾರ, ಬೆಳಗ್ಗೆ 9.10

ಸಮಜಾಯಿಷಿ ಸಿದ್ಧ. ಎಡಗೈಯಲ್ಲಿ, ಎರಡು ಪ್ರತಿ. ಒಂದು ಅವರ ಮೇಜಿಗೆ. ಇನ್ನೊಂದನ್ನು ನಾನೇ ಫಲಕಕ್ಕೆ ಅಂಟಿಸುತ್ತೇನೆ, ಅವರ ನೋಟಿಸಿನ ಪಕ್ಕದಲ್ಲೇ, ಕೌಂಟರ್ ತೆರೆಯುವ ಹೊತ್ತಿಗೆ. ಜೊತೆಗೆ ಬಲಗೈಯಲ್ಲಿ ಬರೆದು ಮಡಿಸಿಟ್ಟ ಆ ಹಾಳೆ, ಟೀಚರ ಅಕ್ಷರದ್ದು. ಕೆಲಸ ಹೋಗಬಹುದು.

ಕೊನೆಯ ಪ್ಯಾರಾ ಇಲ್ಲಿ ನಕಲು ಮಾಡಿಕೊಳ್ಳುತ್ತೇನೆ:

"ಮೂವತ್ತು ವರ್ಷ ಹಾಜರಿ ಪುಸ್ತಕದಲ್ಲಿ ಟೀಚರು ಕಲಿಸಿಕೊಟ್ಟ ಸಹಿ ಹಾಕಿದೆ, ಯಾರೂ ಸುತ್ತು ಹಾಕಲಿಲ್ಲ. ಹನ್ನೊಂದು ದಿನ ನನ್ನ ಸಹಿ ಹಾಕಿದೆ. ಅದನ್ನು ಹಾಕಿದವರು ಇನ್ನೊಬ್ಬರೆಂದು ತಾವು ಎಲ್ಲರೂ ಓದುವಂತೆ ಬರೆದಿದ್ದೀರಿ. ಆ ಇನ್ನೊಬ್ಬರು ಯಾರು? ಹೆಸರು ಬರೆಯಿರಿ. ಕೋಣೆಯ ಬಾಗಿಲು ಹಾಕಿ ಹೇಳಬೇಡಿ. ಇದೇ ಫಲಕದ ಮೇಲೆ, ಎಲ್ಲರೂ ಓದುವಂತೆ, ತಮ್ಮದೇ ಕೈಯಲ್ಲಿ ಬರೆದು ಸಹಿ ಹಾಕಿ."