ಏಳುನೂರು ಗ್ರಾಮಿನ ಟ್ರಿಗರ್

ಲೋಶ್ಕಿ ಪೊತೋಕ್,
ಶುಕ್ರವಾರ, 5 ಸೆಪ್ಟೆಂಬರ್ 2014

ಪ್ರೀತಿಯ ವಿಂಕೊ,

ಒಂದು ಮಾತನ್ನು ಬರೆಯದೇ ಬಿಟ್ಟುಬಿಡೋಣ ಎಂದು ನಿನ್ನೆಯವರೆಗೂ ಅಂದುಕೊಂಡಿದ್ದೆ. ಅದನ್ನೇ ಮೊದಲು ಬರೆಯುತ್ತೇನೆ, ಇಲ್ಲವಾದರೆ ಪತ್ರ ಮುಗಿಯುವ ಹೊತ್ತಿಗೆ ಧೈರ್ಯ ಉಳಿದಿರುವುದಿಲ್ಲ. ಕಳೆದ ಮೂರು ವಾರ ನಾನು ನಿನ್ನನ್ನು ಅನುಮಾನಿಸಿದೆ. ಬಂದು ಹೋಗುವ ಅನುಮಾನವಲ್ಲ; ಮಕ್ಕಳ ಉತ್ತರಪತ್ರಿಕೆ ತಿದ್ದುವಾಗ ಕೂರುತ್ತೇನಲ್ಲ, ಹಾಗೆ ಕೂತು, ಒಂದೊಂದು ಸಾಲಿಗೂ ಗೆರೆ ಎಳೆದು ಅನುಮಾನಿಸಿದೆ.

ಹೇಗಿದ್ದೀಯ? ಅಲ್ಲಿ ಆಸ್ಟ್ರಿಯದ ಗುಡ್ಡದ ಮೇಲೆ ಆಗಲೇ ಬೆಳಗಿನ ಚಳಿ ಶುರುವಾಗಿರಬೇಕು. ಊಟ ಸರಿಹೋಗುತ್ತಿದೆಯೇ? ಬೆನ್ನು? ಕೈ ಹೇಗಿದೆ? ಈ ಹದಿನೆಂಟು ವರ್ಷದಲ್ಲಿ ನಿನ್ನ ಬೆನ್ನನ್ನು ವಿಚಾರಿಸಿದ್ದೇನೆ, ಮಂಡಿಯನ್ನು ವಿಚಾರಿಸಿದ್ದೇನೆ, ಕೈಯನ್ನು ವಿಚಾರಿಸಿದ ನೆನಪಿಲ್ಲ. ನಾವಿಬ್ಬರೂ ಇಲ್ಲಿ ಚೆನ್ನಾಗಿದ್ದೇವೆ. ಶಾಲೆ ಶುರುವಾಯಿತು, ಈ ವರ್ಷವೂ ಐದನೆಯ ತರಗತಿಯ ಇಂಗ್ಲಿಷ್ ನನ್ನ ಪಾಲಿಗೇ ಬಂದಿದೆ. ನಮ್ಮ ನಾಯಿ ಬಿಸ್ತ್ರ ಬೇಲಿ ಹಾರುವುದನ್ನು ಕಲಿತಿದ್ದಾಳೆ, ಮರಳಿ ಹಾರಿ ಒಳಗೆ ಬರುವುದನ್ನು ಕಲಿತಿಲ್ಲ. ನಿನ್ನ ಮಗಳು ನೆಜಾ ಹದಿನಾರು ತುಂಬಿತೆಂದು ಅಕ್ಟೋಬರಿನ ಹಂದಿ ಬೇಟೆಯಲ್ಲಿ ಸೋವುವವರ ಸಾಲಿಗೆ ಹೆಸರು ಕೊಟ್ಟುಬಂದಿದ್ದಾಳೆ. ಪೊದೆ ಬಡಿದು ಕೂಗುತ್ತಾ ಅವಳು ಬರುವುದು ಬಂದೂಕು ಹಿಡಿದು ನಿಂತವರ ಕಡೆಗೇ. ಇದನ್ನು ಓದುವಾಗ ಮನಸ್ಸಿನಲ್ಲಿಟ್ಟುಕೊ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಏನಾದರೂ ಕೇಳಿದ ಕೂಡಲೇ ನೀನು "ಆಮೇಲೆ ಮಾತಾಡೋಣ ಕಣೇ, ಇಲ್ಲಿ ಸಿಗ್ನಲ್ ಇಲ್ಲ" ಅನ್ನುತ್ತೀಯ. ಬೇಟೆ ಸಂಘದ ಲೊಯ್ಜೆ ಮಾವನ ಸುದ್ದಿ ಕೇಳುವಾಗ ಇರುವ ಸಿಗ್ನಲ್ ನನ್ನ ಪ್ರಶ್ನೆಗೆ ಮಾತ್ರ ಯಾಕೆ ಹೋಗುತ್ತದೆ?

ನೀನು ಆಗಸ್ಟಿನಲ್ಲಿ ಹೊರಡುವ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಇಟ್ಟುಹೋದ ಚೀಟಿ ನನ್ನ ಮುಂದಿದೆ. ವಸಂತದಲ್ಲಿ ನಾನು ಬೇಟೆಗಾರರ ಪರೀಕ್ಷೆ ಪಾಸು ಮಾಡಿದೆ, ನನ್ನ ಹೆಸರಿಗೆ ಪರವಾನಗಿ ಬಂತು, ನಿಮ್ಮಪ್ಪನ ಹಳೆಯ ರೈಫಲ್ಲಿನ ನಳಿಗೆಯನ್ನು ತುಕ್ಕು ತಿಂದಿತ್ತು. ಹಾಗಾಗಿ ಅಗ್ಗದ್ದೊಂದು ಕೊಳ್ಳೋಣ, ಅದು ನನ್ನದಾಗಿರಲಿ, ಬಂದಾಗ ನೀನೂ ಬಳಸುವೆ ಎಂದು ಮಾತಾಗಿತ್ತು. ಚೀಟಿಯಲ್ಲಿ ನೀನು ಬರೆದದ್ದು ಇಷ್ಟು: ರೈಫಲ್ ಸೆಕೆಂಡ್ ಹ್ಯಾಂಡ್ ಆದರೂ ಸರಿ, ಆದರೆ ಟ್ರಿಗರ್ ಬದಲಾಯಿಸಲೇಬೇಕು, ಎಳೆಯಲು ಏಳುನೂರು ಗ್ರಾಮಿಗಿಂತ ಹೆಚ್ಚು ಬಲ ಬೇಕಾಗಕೂಡದು. ಟ್ರಿಗರಿನ ಸುತ್ತಲ ಬಳೆ ಕೈಗವಸು ಹಾಕಿದ ಬೆರಳು ಹೋಗುವಷ್ಟು ಅಗಲವಿರಬೇಕು. ಕೆಳಗೆ, "ನಿನ್ನ ಬೆರಳು ಸೂಕ್ಷ್ಮ, ಅದಕ್ಕೇ." ಎಲ್ಲವೂ ದಪ್ಪ ದಪ್ಪ ಬಿಡಿ ಅಕ್ಷರಗಳು, ಒಂದನೆಯ ತರಗತಿಯ ಮಕ್ಕಳು ಬರೆದಂತೆ.

ನನ್ನ ಬೆರಳು ಸೂಕ್ಷ್ಮವಂತೆ! ಹಬ್ಬಕ್ಕೆ ಆರು ಪೊತಿತ್ಸಾ ರೊಟ್ಟಿಗೆ ಹಿಟ್ಟು ನಾದುವ ಬೆರಳು, ನಿನ್ನ ಬೂಟಿನ ಹರಿದ ತೊಗಲನ್ನು ದಬ್ಬಳದಲ್ಲಿ ಹೊಲಿಯುವ ಬೆರಳು. ಮೇಲಾಗಿ, ಇಂಥ ಹಗುರ ಟ್ರಿಗರಿನ ಬಗ್ಗೆ ನೀನು ಏನೆನ್ನುತ್ತಿದ್ದೆ ಎಂದು ಊರಿಗೆಲ್ಲ ಗೊತ್ತು. ನಮ್ಮ ಬೇಟೆ ಸಂಘದ ಯಜಮಾನ, ಎಪ್ಪತ್ತರ ಲೊಯ್ಜೆ ಮಾವ ಹೊಸ ಟ್ರಿಗರ್ ಹಾಕಿಸಿಕೊಂಡು ಬಂದಾಗ ಎಲ್ಲರೆದುರು ನೀನು ಹೇಳಿದೆಯಲ್ಲ, "ಟ್ರಿಗರ್ ಯಾಕ್ ಬದಲಾಯಿಸ್ತೀಯಾ ಮಾವ, ಬೆರಳು ಬದಲಾಯಿಸ್ಕೋ, ಅಗ್ಗ ಬೀಳತ್ತೆ." ಅವರೂ ನಕ್ಕರು. ಅಂಥವನು ಏಳುನೂರು ಗ್ರಾಂ ಕೇಳುತ್ತಾನೆ ಎಂದರೆ ಆ ರೈಫಲ್ ನನಗೂ ಅಲ್ಲ, ಅವನಿಗೂ ಅಲ್ಲ, ಬೇರೆ ಯಾರಿಗೋ ಎಂದುಕೊಂಡೆ.

ಯಾರಿಗೆ ಎಂಬುದಕ್ಕೂ ನನ್ನ ಬಳಿ ಉತ್ತರ ತಯಾರಿತ್ತು. ಆಗಸ್ಟಿನಲ್ಲಿ ನಿನ್ನ ಬಟ್ಟೆ ಒಗೆಯಲು ಚೀಲ ಬರಿದು ಮಾಡಿದಾಗ ತಳದಲ್ಲಿ ಒಂದು ಜೊತೆ ಉಣ್ಣೆಯ ಕೈಗವಸು ಸಿಕ್ಕಿತು. ಅಂಗಡಿಯದ್ದಲ್ಲ, ಕೈಯಲ್ಲಿ ಹೆಣೆದದ್ದು, ಮಣಿಕಟ್ಟಿಗೆ ಕೆಂಪು ಅಂಚು. ಆಗಸ್ಟಿನ ಬಿಸಿಲಿನಲ್ಲಿ ಗಂಡಸಿಗೆ ಉಣ್ಣೆಯ ಕೈಗವಸು ಹೆಣೆದುಕೊಡುವವರು ಯಾರು? ಅದರ ಜೊತೆ ಅರ್ಧ ಮುಗಿದ ಒಂದು ಕ್ರೀಮಿನ ಟ್ಯೂಬು, ಕರ್ಪೂರದ ವಾಸನೆ. ನಾನು ಕೇಳಲಿಲ್ಲ. ಇದ್ದ ಹಾಗೇ ಮಡಿಸಿ ಇಟ್ಟೆ. ಕೇಳದೇ ಇದ್ದದ್ದು ಸಂಯಮ ಎಂದು ಆಗ ನನ್ನನ್ನೇ ಮೆಚ್ಚಿಕೊಂಡೆ. ಈಗ ನೋಡಿದರೆ, ಉತ್ತರ ಗೊತ್ತಾದರೆ ಅನುಮಾನ ಪಡುವ ಸುಖ ತಪ್ಪಿಹೋಗುತ್ತದೆ ಎಂಬ ಭಯವೂ ಇತ್ತೇನೋ.

ನಿನ್ನೆ ಶಾಲೆ ಮುಗಿಸಿ ಪಟ್ಟಣದ ಮೆತೋದನ ಅಂಗಡಿಗೆ ಹೋದೆ. ಬಂದೂಕು ಮಾರುವುದೂ ರಿಪೇರಿ ಮಾಡುವುದೂ ಆತನೇ. ಮೂರು ರೈಫಲ್ ತೆಗೆದು ತೋರಿಸಿದ. ಒಂದು ಚೆಕ್ ದೇಶದ್ದು, ಚೆಂದವಿತ್ತು, ನಮ್ಮ ಕೈಗೆಟುಕುವುದಲ್ಲ. ಒಂದು ಹೊಸದು, ಪ್ಲಾಸ್ಟಿಕ್ಕಿನ ಹಿಂಬದಿಯದು, ಹಿಡಿದರೆ ಈಜುಕೊಳದ ಆಟಿಕೆ ಹಿಡಿದಂತೆ. ಮೂರನೆಯದು ಸರ್ಬಿಯಾದ್ದು, ಮರದ ಮೇಲೆ ಎರಡು ಗೀರು, ನಳಿಗೆ ಕನ್ನಡಿಯಂತೆ ಸ್ವಚ್ಛ, ನಾನೂರಿಪ್ಪತ್ತು ಯೂರೋ. ಅದನ್ನು ಆರಿಸಿ, ಏಳುನೂರು ಗ್ರಾಮಿನ ಟ್ರಿಗರ್ ಹಾಕಿಕೊಡಿ ಎಂದೆ. ಮೆತೋದ್ ಕನ್ನಡಕದ ಮೇಲಿಂದ ನೋಡಿದ. "ಯಾರಿಗಮ್ಮಾ?" ನನಗೇ ಎಂದೆ. "ನಿಮಗ್ಯಾಕ್ರೀ ಟೀಚರಮ್ಮ ಏಳುನೂರು ಗ್ರಾಂ? ನೀವು ಕಾಡಿಗೆ ಹೋಗ್ತೀರೋ, ಒಲಿಂಪಿಕ್ಸಿಗೋ?"

ಮೀನು ತೂಗುವ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯನ್ನು ಟ್ರಿಗರಿಗೆ ಸಿಕ್ಕಿಸಿ ಎಳೆದ. ಸಾವಿರದ ಆರುನೂರು ಗ್ರಾಂ. ಒಳಗಿನ ಒಂದು ಸ್ಕ್ರೂ ತಿರುಗಿಸಿ ಮತ್ತೆ ಎಳೆದ. ಸಾವಿರದ ಮುನ್ನೂರು. "ಇಷ್ಟಕ್ಕೆ ನಾನು ಕಾಸು ತಗೊಳಲ್ಲ. ಹೊಸ ಟ್ರಿಗರ್ ಬೆಲೆ ಈ ರೈಫಲ್ಲಿನ ಮೂರನೇ ಒಂದು ಭಾಗ. ಅದೇ ದುಡ್ಡಲ್ಲಿ ತೋಟಾ ತಗೊಂಡು ಗುರಿ ಕಲೀರಿ. ಟ್ರಿಗರ್ ಸರಿ ಇಲ್ಲ ಅಂತ ಬರೋ ನೂರು ಜನದಲ್ಲಿ ತೊಂಬತ್ತು ಜನರ ಟ್ರಿಗರ್ ಚೆನ್ನಾಗೇ ಇರತ್ತೆ." ಕೊಳ್ಳಬೇಡಿ ಎನ್ನುವ ಅಂಗಡಿಯವನನ್ನು ನಾನು ಇದೇ ಮೊದಲು ನೋಡಿದ್ದು, ಅವನ ಮೇಲೂ ಅನುಮಾನ ಬಂತು. ಅದು ಮುಖದಲ್ಲಿ ಕಂಡಿರಬೇಕು. ಗುಂಡಿಲ್ಲದ ಬಂದೂಕಿನ ನಳಿಗೆಯ ಮೇಲೆ ಎರಡು ಯೂರೋ ನಾಣ್ಯ ಇಟ್ಟು, "ಬೀಳಿಸದೇ ಎಳೀರಿ ನೋಡೋಣ" ಎಂದ. ಮೂರು ಸಲ ಎಳೆದೆ. ನಾಣ್ಯ ಕದಲಲಿಲ್ಲ. "ಮತ್ತೆ? ಬೆರಳಂದ್ರೆ ಬೆರಳು. ಈ ಏಳುನೂರು ಗ್ರಾಂ ಯಾರ ತಲೇಲಿ ಹುಟ್ಟಿದ್ದು?"

ನನ್ನ ಗಂಡನ ತಲೆಯಲ್ಲಿ ಎಂದೆ. ಚೀಟಿ ತೋರಿಸಿದೆ. ಅವನು ಅದನ್ನು ಓದುವುದಕ್ಕಿಂತ ಹೆಚ್ಚಾಗಿ ಅಕ್ಷರಗಳನ್ನೇ ನೋಡುತ್ತಿದ್ದ. "ಏನು ಕೆಲ್ಸ?" ಮೋಟಾರು ಗರಗಸದ ಕೆಲಸ, ಮರ ಕಡಿಯುವುದು. "ಎಷ್ಟು ವರ್ಷದಿಂದ?" ಹದಿನೆಂಟು. ಅವನು ಮೂಲೆಯ ನಲ್ಲಿಗೆ ಹೋಗಿ ಬಲಗೈಯನ್ನು ತಣ್ಣೀರಿನ ಕೆಳಗೆ ಹಿಡಿದು ನಿಂತ. ಮರಳಿ ಬಂದು ಗಲ್ಲಾದ ಗಾಜಿನ ಮೇಲೆ ಕೈ ಇಟ್ಟ. ವಿಂಕೊ, ಎರಡನೆಯ ಗೆಣ್ಣಿನವರೆಗೆ ಮೂರು ಬೆರಳು ಇಗರ್ಜಿಯ ಮೇಣದಬತ್ತಿಯಷ್ಟು ಬಿಳಿ. ಉಗುರಿನ ಕೆಳಗೂ ರಕ್ತವಿಲ್ಲ. "ನಾನೂ ಇಪ್ಪತ್ತೆರಡು ವರ್ಷ ಮರ ಕೊಯ್ದೋನೇ. ಗರಗಸದ ನಡುಕ ಬೆರಳನ್ನ ಒಳಗಿಂದ ತಿಂದ್‌ಬಿಡತ್ತೆ. ಚೂರು ತಣ್ಣಗೆ ತಾಗಿದ್ರೂ ರಕ್ತ ನಿಲ್ಲತ್ತೆ, ಅಂಗಿ ಗುಂಡಿ ಹಾಕಕ್ಕಾಗಲ್ಲ, ಪೆನ್ನು ನಿಲ್ಲಲ್ಲ. ಟ್ರಿಗರ್ ಗೊತ್ತಾಗ್ತಿಲ್ಲ ಅಂತ ನಾನೂ ಹಗುರ ಮಾಡ್ಕೊಂಡೆ, ದೊಡ್ಡ ಬುದ್ಧಿವಂತನ ಹಾಗೆ. ಒಂದಿನ ಬೆಳಿಗ್ಗೆ ಸೇಫ್ಟಿ ತೆಗ್ದೆ, ಬಂದೂಕು ಇನ್ನೂ ಎತ್ತೇ ಇಲ್ಲ, ಢಂ ಅಂತು. ಬೆರಳು ಟ್ರಿಗರ್ ಮೇಲಿದೆ ಅಂತ ಗೊತ್ತಾಗಿದ್ದು ಸದ್ದು ಕೇಳಿದ್ಮೇಲೆ. ಮುಂದೆ ನನ್ನ ನಾಯಿ ಕೂತಿತ್ತು." ಆಮೇಲೆ ಗಲ್ಲಾ ಪಕ್ಕದಲ್ಲಿದ್ದ ಕೈಗವಸು ತೆಗೆದು ಹಾಕಿಕೊಂಡ. ಉಣ್ಣೆಯದು. ಹೊರಗೆ ಬಿಸಿಲು ಸುಡುತ್ತಿತ್ತು.

ಬಸ್ಸಿನಲ್ಲಿ ಮನೆಗೆ ಬರುವಾಗ ಈಸ್ಟರ್ ನೆನಪಾಯಿತು. ಮೊಟ್ಟೆಗೆ ನಾಣ್ಯ ಎಸೆಯುವ ಆಟದಲ್ಲಿ ಮೂರು ಹೆಜ್ಜೆ ದೂರದಿಂದ ನಾಣ್ಯ ನೆಟ್ಟಗೆ ನಾಟಿಸುತ್ತಿದ್ದವನು ಈ ವರ್ಷ "ಮಕ್ಕಳು ಆಡ್ಲಿ ಬಿಡೇ" ಎಂದು ಕೈಗಳನ್ನು ಜೇಬಿಗಿಳಿಸಿದೆ. ಅದೇ ಬೆಳಿಗ್ಗೆ ಅಂಗಿಯ ಗುಂಡಿ ಹಾಕು ಎಂದು ನನ್ನ ಮುಂದೆ ಬಂದು ನಿಂತಿದ್ದೆ. ನಾನು ಅದನ್ನು ಪ್ರೀತಿ ಎಂದುಕೊಂಡು ನಾಚಿಕೊಂಡೆ. ಪ್ರೀತಿಯೂ ಇತ್ತೆಂದೇ ಇಟ್ಟುಕೊಳ್ಳುತ್ತೇನೆ. ಆದರೆ ಒಂದು ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ: ನಿನ್ನ ಕೈಗೆ ನೋವಿರಬಹುದು ಎಂದು ಊಹಿಸುವುದಕ್ಕಿಂತ ನಿನಗೆ ಇನ್ನೊಬ್ಬಳಿದ್ದಾಳೆ ಎಂದು ನಂಬುವುದು ನನಗೆ ಯಾಕೆ ಅಷ್ಟು ಸುಲಭವಾಯಿತು? ನಿನಗೂ ಒಂದು ಪ್ರಶ್ನೆ ಉಂಟು. ನನ್ನ ಬೆರಳಿನ ಹೆಸರು ಹೇಳಿ ನಿನ್ನ ಬೆರಳನ್ನು ಬಚ್ಚಿಟ್ಟೆ. ಆ ಟ್ರಿಗರ್ ಹಿಡಿದು ಅಕ್ಟೋಬರಿನಲ್ಲಿ ಸಾಲಿನಲ್ಲಿ ನಿಲ್ಲುವವನಿದ್ದೆ, ಎದುರಿನ ಪೊದೆಯಲ್ಲಿ ಯಾರಿರುತ್ತಾರೆ?

ರೈಫಲ್ ಕೊಂಡೆ. ಟ್ರಿಗರ್ ಅದರದ್ದೇ ಇದೆ, ಸಾವಿರದ ಮುನ್ನೂರು ಗ್ರಾಂ. ಹಿಂಬದಿಯ ಮರವನ್ನು ನನ್ನ ಭುಜದ ಅಳತೆಗೆ ಎರಡು ಬೆರಳಗಲದಷ್ಟು ಕೊಯ್ಯಿಸಿದೆ. ಬಂದೂಕು ಬೀರುವಿನಲ್ಲಿದೆ, ಬೀಗದ ಕೈ ನನ್ನ ಗೊಂಚಲಿನಲ್ಲಿದೆ.

ನೆಜಾ ನಿನ್ನನ್ನು ಕೇಳಿದಳೆಂದು ಬರೆ ಎಂದಳು. ಲೊಯ್ಜೆ ಮಾವ ಒಂದು ಬುಟ್ಟಿ ಅಣಬೆ ಕೊಟ್ಟುಹೋದರು, ನಿನ್ನ ಪಾಲು ಒಣಗಿಸಿಟ್ಟಿದ್ದೇನೆ. ಕಾಡಿಗೆ ಹೊರಟವರಿಗೆ ನಮ್ಮವರು ಹರಸುವಂತೆ ಹರಸುತ್ತೇನೆ: ಒಳ್ಳೆಯ ನೋಟ ನಿನ್ನದಾಗಲಿ.

ನಿನ್ನ
ಯೆರ್ನೇಯಾ

ಮರೆತಿದ್ದೆ ಎಂದು ಬರೆಯಹೊರಟೆ, ಮರೆತಿಲ್ಲ. ಭಾನುವಾರ ನೀನು ಫೋನ್ ಮಾಡುತ್ತೀಯ. ಟ್ರಿಗರ್ ಯಾಕೆ ಬೇಕಿತ್ತು ಎಂದು ಒಂದೇ ಒಂದು ಸಲ ಕೇಳುತ್ತೇನೆ. ನೀನಾಗಿ ಹೇಳಿಬಿಟ್ಟರೆ ಈ ಪತ್ರ ಒಲೆಗೆ, ನಾನು ಅನುಮಾನಿಸಿದ್ದು ನಿನಗೆ ತಿಳಿಯುವುದೇ ಇಲ್ಲ. ಇದನ್ನು ನೀನು ಓದುತ್ತಿದ್ದೀಯ ಎಂದರೆ ಹೇಳಲಿಲ್ಲ ಎಂದಾಯಿತು. ಹಾಗಿದ್ದರೆ ಉತ್ತರ ಬರೆಯಲು ಕಷ್ಟಪಡಬೇಡ, ಬಂದುಬಿಡು. ಹದಿನೆಂಟನೆಯ ತಾರೀಖು ಡಾಕ್ಟರ ಬಳಿ ನಿನ್ನ ಹೆಸರು ಬರೆಸಿದ್ದೇನೆ. ಅಕ್ಟೋಬರಿನಲ್ಲಿ ಬಂದೂಕು ನಾನು ಹಿಡಿಯುತ್ತೇನೆ, ನೀನು ಪಕ್ಕದಲ್ಲಿ ನಿಲ್ಲು. ನನಗೆ ನಾಣ್ಯ ಬೀಳಿಸದೆ ಎಳೆಯಲು ಬರುತ್ತದೆ, ಹಂದಿ ಎಲ್ಲಿಂದ ಬರುತ್ತದೆಂದು ಗೊತ್ತಿಲ್ಲ. ಆ ಕೈಗವಸನ್ನು ಹಾಕಿಕೊಂಡೇ ಬಾ. ಹೆಣೆದುಕೊಟ್ಟವರು ಯಾರು ಎಂಬ ಅನುಮಾನವೊಂದನ್ನು ಮಾತ್ರ ನಾನಿನ್ನೂ ಬಿಟ್ಟಿಲ್ಲ.

ಅಂಚೆಗೆ ಹಾಕುವುದು: ಸೋಮವಾರ, 8 ಸೆಪ್ಟೆಂಬರ್.