ಟಿವಿಯವರ ಮುಂದೆ ಹಾಡಿದ ದಿನ

ಬೋರುತ್,

ಇವತ್ತು ನಾನು ಟಿವಿಯವರ ಮುಂದೆ ಹಾಡಿದೆ. ನೀನು ಬದುಕಿದ್ದರೆ ಇದನ್ನು ಬರೆಯುವ ಧೈರ್ಯ ನನಗಿರುತ್ತಿರಲಿಲ್ಲ.

ಲುಬ್ಲಿಯಾನಾದ ಮ್ಯೂಸಿಯಮ್ಮಿನಲ್ಲಿ ನಮ್ಮ ಕಾಲದ ಪಂಕ್ ಸಂಗೀತದ ಹುಡುಗರ ಬಗ್ಗೆ ಪ್ರದರ್ಶನ ಇಟ್ಟಿದ್ದಾರೆ. ಪೊಲೀಸರು ಎಳೆದಾಡಿ ತೋಳು ಹರಿದಿದ್ದ ನಿನ್ನ ಚರ್ಮದ ಜಾಕೆಟ್ಟು ಈಗ ಗಾಜಿನ ಪೆಟ್ಟಿಗೆಯಲ್ಲಿದೆ. ನಾನು ಹಾಕಿದ ವಕ್ರ ಹೊಲಿಗೆಯೂ ಹಾಗೆಯೇ ಇದೆ. ಬಗ್ಗಿ ನೋಡುತ್ತಿದ್ದಾಗ ಕಾವಲುಗಾರ ಬಂದ.

“ಗಾಜು ಮುಟ್ಬೇಡಿ ಅಮ್ಮಾ.”

“ಇದು ನನ್ನ ಗೆಳೆಯಂದು ಕಣಪ್ಪಾ.”

“ಬೆಳಗ್ಗಿಂದ ಹಾಗಂದೋರಲ್ಲಿ ನೀವು ನಾಲ್ಕನೇವ್ರು” ಎಂದು ನಕ್ಕ.

ಆಮೇಲೆ, ಆಗ ನಾವು ಮಾಡುತ್ತಿದ್ದ ಹಾಗೆ ಕೋಟಿಗೆ ಸೇಫ್ಟಿ ಪಿನ್ನು ಸಿಕ್ಕಿಸಿಕೊಂಡಿದ್ದ ದೊಡ್ಡ ಅಧಿಕಾರಿಯೊಬ್ಬರು ನನ್ನ ಕೈ ಹಿಡಿದುಕೊಂಡರು. “ನಿಮ್ಮ ಹಾಡು ನಾಡಿನ ಆಸ್ತಿ ಮೇಡಂ. ಒಂದ್ಸಲ ಹಾಡ್ಬಿಡಿ, ಟಿವಿಯೋರು ಕಾಯ್ತಿದ್ದಾರೆ.”

ಎಂಬತ್ತೆರಡನೇ ಇಸವಿಯಲ್ಲಿ ಅದೇ ಸರ್ಕಾರಿ ಟಿವಿಯವರು ನಮ್ಮ ತಂಡವನ್ನು ಕರೆದಾಗ ನೀನು ಹೋಗೋಣ ಎಂದಿದ್ದೆ. “ನಿನ್ನನ್ನ ನೀನು ಮಾರ್ಕೊಂಡೆ, ಇನ್ನು ನಮ್ಮ ಜೊತೆ ನಿಲ್ಬೇಡ” ಎಂದು ಎಲ್ಲರೆದುರು ನಿನ್ನ ಗಿಟಾರನ್ನು ಬಾಗಿಲಾಚೆ ಇಟ್ಟವಳು ನಾನು. ಅವತ್ತಿನಿಂದ ನೀನು ಹಾಡಲೇ ಇಲ್ಲವಂತೆ. ನಿನ್ನನ್ನು ಮಣ್ಣು ಮಾಡಿದ ದಿನ ನಿನ್ನ ತಮ್ಮ ಹೇಳಿದ.

ಇವತ್ತು ಬೇಡ ಎನ್ನಲೆಂದೇ ಬಾಯಿ ತೆರೆದೆ. ಹಾಡು ಬಂದುಬಿಟ್ಟಿತು. ಮೊದಲ ಚರಣ ಮುಗಿಯಿತು. ಎರಡನೆಯದನ್ನು ಯಾವಾಗಲೂ ನೀನೇ ಹಾಡುತ್ತಿದ್ದೆ. ಅಲ್ಲಿಗೆ ಬಂದು ನಾನು ಸುಮ್ಮನೆ ನಿಂತೆ. ಹಾಡು ಮುಗಿಯಿತೆಂದುಕೊಂಡು ಜನರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಮುಗಿದಿಲ್ಲ ಎಂದು ನಾನು ಹೇಳಲಿಲ್ಲ.

ದರಿಂಕಾ